ಒಟ್ಲೇ ಎದ್ದು ಹೊರಟಾಗ

ನಾಟಿಗೆ ಮುಂಚೆ ಒಟ್ಲು ಕೀಳುವುದನ್ನು ಬದುವಿನ ಮೇಲೆ ಕೂತು ನೋಡಬೇಕು. ದೂರದಿಂದ ಒರಟು ಕೆಲಸದ ಹಾಗೆ ಕಾಣುತ್ತದೆ, ಹತ್ತಿರ ಹೋದರೆ ಅಲ್ಲ. ಕೆಸರಿನಲ್ಲಿ ಬಗ್ಗಿದ ಹೆಂಗಸರು ಪೈರನ್ನು ಬುಡದಲ್ಲಿ ಹಿಡಿದು, ನೆಟ್ಟಗೆ ಮೇಲಕ್ಕೆತ್ತದೆ ತಮ್ಮ ಕಡೆಗೆ ವಾಲಿಸಿ ಎಳೆಯುತ್ತಾರೆ. ಹಿಡಿ ತುಂಬಿದ ಮೇಲೆ ನೀರಲ್ಲಿ ಅದ್ದಿ, ಬೇರನ್ನು ಪಾದಕ್ಕೆ ಎರಡು ಸಲ ಬಡಿದು ಮಣ್ಣು ಕಳೆದು, ಒಂದೆಳೆ ಹುಲ್ಲಿನಲ್ಲಿ ಕಟ್ಟು ಹಾಕಿ ಹಿಂದಕ್ಕೆ ಎಸೆಯುತ್ತಾರೆ. ಎಲ್ಲ ಮಣ್ಣನ್ನೂ ತೊಳೆಯುವುದಿಲ್ಲ. ಒಂದಿಷ್ಟು ಬೇರಿಗೆ ಅಂಟಿಕೊಂಡೇ ಹೊಸ ಗದ್ದೆಗೆ ಹೋಗುತ್ತದೆ.

‘ಸೆಮಿನರಿ’ ಎಂಬ ಮಾತಿನ ಲ್ಯಾಟಿನ್ ಮೂಲ ‘ಸೆಮಿನಾರಿಯಮ್’. ಬೀಜ ಚೆಲ್ಲಿ ಸಸಿ ಎಬ್ಬಿಸುವ ಮಡಿ ಎಂದು ಅದರ ಅರ್ಥ. ನಮ್ಮ ಮಾತಲ್ಲಿ ಒಟ್ಲು. 1563ರಲ್ಲಿ ಟ್ರೆಂಟ್ ನಗರದ ಮಹಾಸಭೆ, ಪ್ರತಿ ಧರ್ಮಪ್ರಾಂತ್ಯವೂ ಪಾದ್ರಿಗಳಾಗಬೇಕಾದ ಹುಡುಗರನ್ನು ಸಾಕಿ ಓದಿಸಲು ಒಂದು ಜಾಗ ಇಟ್ಟುಕೊಳ್ಳಲಿ ಎಂದು ವಿಧಿಸಿದಾಗ ರೈತರ ಈ ಪದವನ್ನೇ ಬಳಸಿತು. ಕನ್ನಡ ಕಥೋಲಿಕರು ಅದನ್ನು ಬಹಳ ಸೊಗಸಾಗಿ ‘ಗುರುಮಠ’ ಎಂದರು. ಆದರೆ ಮಠ ಎಂದ ಕೂಡಲೇ ನಮಗೆ ಕದಲದ ಒಂದು ಜಾಗ ನೆನಪಾಗುತ್ತದೆ: ಗದ್ದುಗೆ, ಕಲ್ಲಿನ ಕಂಬ, ತಲೆಮಾರುಗಳ ಪರಂಪರೆ. ನಿಜವಾದ ಸೆಮಿನರಿಗಳು ಹಾಗಲ್ಲ. ಅವು ಆಗಾಗ ಗಂಟುಮೂಟೆ ಕಟ್ಟಿವೆ. ಒಟ್ಲಿನಿಂದ ಪೈರು ಹೋಗುವುದು ಸಹಜ, ಒಟ್ಲು ಇರುವುದೇ ಅದಕ್ಕೆ. ಒಟ್ಲೇ ಎದ್ದು ಇನ್ನೊಬ್ಬರ ಗದ್ದೆಗೆ, ಅದರಲ್ಲೂ ಇನ್ನೊಂದು ಕ್ರೈಸ್ತ ಸಭೆ ಉತ್ತು ಬಿಟ್ಟ ಗದ್ದೆಗೆ ಹೊರಟಾಗ ಏನಾಗುತ್ತದೆ? ಅದಕ್ಕೆ ಉತ್ತರ ಹುಡುಕಲು ಬೆಂಗಳೂರಿನ ಪಶ್ಚಿಮ ಭಾಗ ಒಳ್ಳೆಯ ಜಾಗ.

ರಾಜಾಜಿನಗರದಿಂದ ಯಶವಂತಪುರದ ಕಡೆ ಹೊರಟವರಿಗೆ ಇಸ್ಕಾನ್ ಗುಡ್ಡ ಕಾಣುತ್ತದೆ, ಒರಾಯನ್ ಮಾಲ್ ಕಾಣುತ್ತದೆ, ಸ್ಯಾಂಡಲ್ ಸೋಪ್ ಕಾರ್ಖಾನೆ ಕಾಣುತ್ತದೆ. ಮಲ್ಲೇಶ್ವರಂ ಪಶ್ಚಿಮದಲ್ಲಿರುವ ಸಂತ ಪೇತ್ರರ ಗುರುಮಠ ಮಾತ್ರ ಅಷ್ಟು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. 2013ರ ಈಸ್ಟರ್ ರಾತ್ರಿ ಅಲ್ಲಿನ ರೆಕ್ಟರ್ ಫಾದರ್ ಕೆ.ಜೆ. ಥಾಮಸ್ ಆವರಣದಲ್ಲೇ ಕೊಲೆಯಾದ ಸುದ್ದಿ ಪತ್ರಿಕೆಗಳಲ್ಲಿ ಬಂದಾಗಲೇ ಪಕ್ಕದ ಬಡಾವಣೆಗಳ ಎಷ್ಟೋ ಮಂದಿಗೆ ಇಲ್ಲೊಂದು ಗುರುಮಠ ಇದೆ ಎಂದು ಗೊತ್ತಾಗಿದ್ದು. ಆದರೆ ಇಲ್ಲಿ ಮೊದಲು ಬಂದವರು ಗುರುಮಠದವರೇ. ರಾಜಾಜಿನಗರ ಬಡಾವಣೆಗೆ ಚಾಲನೆ ಸಿಕ್ಕಿದ್ದು 1949ರಲ್ಲಿ, ಗುರುಮಠ ಬಂದದ್ದು 1934ರಲ್ಲಿ. ಅದರ ಹಿಂದಿನ ವರ್ಷವಷ್ಟೇ ಅರ್ಕಾವತಿಗೆ ಅಡ್ಡಲಾಗಿ ತಿಪ್ಪಗೊಂಡನಹಳ್ಳಿ ಜಲಾಶಯ ಮುಗಿದು ನಗರಕ್ಕೆ ನೀರು ಹರಿದಿತ್ತು. ಇದಕ್ಕೂ ಅದಕ್ಕೂ ಸಂಬಂಧ ಕಟ್ಟುತ್ತಿಲ್ಲ. ನೂರಾರು ಹುಡುಗರು ಮೂರು ಹೊತ್ತು ಉಣ್ಣುವ, ಮೀಯುವ ಮಠವೊಂದು ಊರಿಗೆ ಬರುವ ಮುಂಚೆ ನೀರು ಬಂದಿದ್ದರೆ ಅಡುಗೆಯವನಿಗಂತೂ ಸಂತೋಷವೇ.

ಬಂದದ್ದು ಎಲ್ಲಿಂದ? ಫ್ರೆಂಚರ ಆಳ್ವಿಕೆಯಲ್ಲಿದ್ದ ಪಾಂಡಿಚೇರಿಯಿಂದ. ಕಟ್ಟಿದವರು ಪ್ಯಾರಿಸ್ ವಿದೇಶೀ ಮಿಷನ್ ಸಂಸ್ಥೆಯ ಪಾದ್ರಿಗಳು. ಈ ಸಂಸ್ಥೆಗೆ ಅಲೆದಾಟ ಹೊಸದಲ್ಲ. ಅವರ ಮೊದಲ ದೊಡ್ಡ ಸೆಮಿನರಿ 1665ರ ಹೊತ್ತಿಗೆ ಸಯಾಮಿನ ರಾಜಧಾನಿ ಅಯುಥಾಯದಲ್ಲಿ ಶುರುವಾಗಿತ್ತು. ಒಂದು ಶತಮಾನ ಕಳೆದ ಮೇಲೆ ಬರ್ಮೀಯರು ಅಯುಥಾಯಕ್ಕೆ ಮುತ್ತಿಗೆ ಹಾಕಿದಾಗ ಗುರುಗಳೂ ಶಿಷ್ಯರೂ ಓಡಿ, ಈಗಿನ ವಿಯೆಟ್ನಾಂ–ಕಾಂಬೋಡಿಯ ಗಡಿಯ ಹಾ ತಿಯೆನ್ ಬಳಿ ಬಿದಿರು ಗುಡಿಸಲು ಕಟ್ಟಿಕೊಂಡರು. ಅಲ್ಲೂ ಕಾಟ. ಮುಖ್ಯಸ್ಥ ಪಿನ್ಯೋ ದ ಬೆಹೆನ್ ಸೆರೆ ಸಿಕ್ಕಿ, ಕೊರಳಿಗೆ ಭಾರದ ಮರದ ಚೌಕಟ್ಟು ತೊಡಿಸಿಕೊಂಡು ಕೂತಿದ್ದ. ಅಲ್ಲಿಂದ ಮಲಕ್ಕಾ, ಕೊನೆಗೆ 1770ರಲ್ಲಿ ಪಾಂಡಿಚೇರಿಯ ಪಕ್ಕದ ಮೀನುಗಾರರ ಹಳ್ಳಿ ವೀರಾಂಪಟ್ಟಿಣಂ. ಅದಾಗಿ ಮೂರೇ ವರ್ಷಕ್ಕೆ, 1773ರಲ್ಲಿ, ಪೋಪರು ಜೆಸುಯಿಟ್ ಸಂಘವನ್ನೇ ರದ್ದು ಮಾಡಿದರು. ಕರ್ನಾಟಿಕ್ ಸೀಮೆಯಲ್ಲಿ ಜೆಸುಯಿಟರು ಕಟ್ಟಿದ್ದ ಚರ್ಚು, ಬಂಗಲೆ, ಜಮೀನು, ಭಕ್ತರು ಎಲ್ಲವೂ ಈ ಪ್ಯಾರಿಸ್ ಪಾದ್ರಿಗಳ ಕೈಗೆ ಬಂದವು. ಬಿಟ್ಟುಹೋದವರ ಆಸ್ತಿಯಲ್ಲಿ ಹೊಸಬರ ಮಡಿ ಎಂಬ ಕಥೆ ನಮ್ಮ ಕಡೆ ಅಲ್ಲಿಂದಲೇ ಶುರು. ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಗೆ ಬಂದು, ಇಲ್ಲಿಯವರ ಉಡುಪು ತೊಟ್ಟು, ಸಿಡುಬಿಗೆ ಲಸಿಕೆ ಹಾಕಿಸಿದ ಅಬ್ಬೆ ದುಬುವಾ ಇದೇ ಸಂಸ್ಥೆಯವನು.

1926ರಲ್ಲಿ ಪೋಪ್ ಹನ್ನೊಂದನೇ ಪಿಯುಸ್, ಮಿಷನ್ ನಾಡುಗಳಲ್ಲಿ ಸ್ಥಳೀಯ ಪಾದ್ರಿಗಳನ್ನು ಬೇಗ ಬೆಳೆಸಿ, ಬಿಳಿಯರು ಹಿಂದೆ ಸರಿಯಿರಿ ಎನ್ನುವ ಅರ್ಥದ ವಿಶ್ವಪತ್ರ ಹೊರಡಿಸಿದರು. ಒಂದೊಂದು ಧರ್ಮಪ್ರಾಂತ್ಯ ಒಂದೊಂದು ಬಡ ಸೆಮಿನರಿ ನಡೆಸುವ ಬದಲು, ಹಲವು ಪ್ರಾಂತ್ಯ ಸೇರಿ ಗಟ್ಟಿಯಾದ ಒಂದನ್ನು ನಡೆಸುವುದು ಆ ಕಾಲದ ಧೋರಣೆ. ಬೆಂಗಳೂರು ಅದಕ್ಕೆ ಹೇಳಿ ಮಾಡಿಸಿದ ಊರು. ತಮಿಳು ಸೀಮೆಗೂ ಮೈಸೂರಿಗೂ ರೈಲು ಇತ್ತು, ಹವೆ ಫ್ರೆಂಚರ ಮೈಗೆ ಒಗ್ಗುತ್ತಿತ್ತು. ಬೆಂಗಳೂರಿಗೆ ಆಗ ತನ್ನದೇ ಧರ್ಮಪ್ರಾಂತ್ಯವೂ ಇರಲಿಲ್ಲ. ಅದು ಮೈಸೂರಿನ ಭಾಗ, ಬೇರೆಯಾದದ್ದು 1940ರಲ್ಲಿ.

ಆ ಒಟ್ಲು ಬೇರಿಗೆ ಅಂಟಿಸಿಕೊಂಡು ತಂದ ಮಣ್ಣು ಯಾವುದು? ಫ್ರೆಂಚರ ಶಿಸ್ತು, ಲ್ಯಾಟಿನ್ ಪಾಠ, ತಮಿಳು ಮಾತು. 1934ರಲ್ಲಿ ಇದರಿಂದ ಯಾರಿಗೂ ತೊಂದರೆಯಾಗಲಿಲ್ಲ. ಪೂಜೆ ಲ್ಯಾಟಿನಿನಲ್ಲಿ, ದೇವಶಾಸ್ತ್ರ ಲ್ಯಾಟಿನಿನಲ್ಲಿ. ಯಾರದ್ದೂ ಅಲ್ಲದ ಭಾಷೆಯ ಕೆಳಗೆ ಎಲ್ಲರ ಭಾಷೆಯೂ ಹೊದ್ದು ಮಲಗಿತ್ತು. ಎರಡನೇ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರಿನಲ್ಲಿ, ಪೂಜೆ ಜನರ ಮಾತಿನಲ್ಲಿ ನಡೆಯಬಹುದು ಎಂದಾಗ ಹೊದಿಕೆ ಸರಿಯಿತು. ಜನರ ಮಾತು ಎಂದರೆ ಯಾವ ಜನರ ಮಾತು? ಬೆಂಗಳೂರಿನ ಕಥೋಲಿಕರಲ್ಲಿ ಕನ್ನಡದವರಿದ್ದರು, ದಂಡುಪ್ರದೇಶದ ತಮಿಳರಿದ್ದರು, ಕೊಂಕಣಿ, ಮಲಯಾಳಂ, ಇಂಗ್ಲಿಷಿನವರಿದ್ದರು. ಮುಂದಿನ ದಶಕಗಳಲ್ಲಿ ಈ ಪ್ರಶ್ನೆ ಮನವಿಪತ್ರವಾಗಿ, ಧರಣಿಯಾಗಿ, ಪೀಠದ ಮುಂದಿನ ಕೂಗಾಟವಾಗಿ ಹೊರಬಿತ್ತು. ಗುರುಮಠದಲ್ಲಿ ಕನ್ನಡದ ಹುಡುಗರಿಗೆ ಜಾಗ ಎಷ್ಟು, ಕನ್ನಡ ಬಲ್ಲ ಗುರುಗಳು ಎಷ್ಟು ಎಂಬ ಜಗಳವೂ ಅದರ ಜೊತೆಗೆ ಬಂತು. ಇಂದಿಗೂ ಪಶ್ಚಿಮ ಬೆಂಗಳೂರಿನ ಯಾವುದೇ ಕಥೋಲಿಕ ಚರ್ಚಿನ ಗೇಟಿನ ಬಳಿ ನಿಂತು ಭಾನುವಾರದ ಪೂಜೆಯ ಬೋರ್ಡು ಓದಿ. ಯಾವ ಭಾಷೆಗೆ ಎಷ್ಟು ಹೊತ್ತಿನ ಪೂಜೆ ಎಂಬುದರಲ್ಲಿ ಊರಿನ ಚರಿತ್ರೆಯೇ ಇದೆ. ಬೆಳಗಿನ ಎಂಟು ಗಂಟೆ ಯಾರಿಗೆ ಸಿಕ್ಕಿತು ಎಂಬುದು ಸಣ್ಣ ವಿಷಯ ಅಂದುಕೊಳ್ಳಬೇಡಿ.

ಕೆಂಗೇರಿಯ ಕಥೆ ಇದಕ್ಕಿಂತ ಚಿಕ್ಕದು, ನನಗೆ ಇದಕ್ಕಿಂತ ಇಷ್ಟ. ಅದು ಸೆಮಿನರಿಯದಲ್ಲ, ಸನ್ಯಾಸಿಗಳ ಮಠದ್ದು. ಆದರೂ ಹುಡುಗರನ್ನು ಸೇರಿಸಿಕೊಂಡು ತಿದ್ದುವ ಕೆಲಸ ಅಲ್ಲೂ ಇದೆ. 1955ರಲ್ಲಿ ಇಂಗ್ಲೆಂಡಿನಿಂದ ಬೀಡ್ ಗ್ರಿಫಿತ್ಸ್ ಎಂಬ ಬೆನೆಡಿಕ್ಟೈನ್ ಸನ್ಯಾಸಿ ಭಾರತಕ್ಕೆ ಬಂದ. ಆಕ್ಸ್‌ಫರ್ಡ್‌ನಲ್ಲಿ ಸಿ.ಎಸ್. ಲೂಯಿಸ್‌ನ ಶಿಷ್ಯನಾಗಿದ್ದು, ಆಮೇಲೆ ಗೆಳೆಯನಾದವನು. ಜೊತೆಗಿದ್ದವರು ಕೇರಳ ಮೂಲದ ಫಾದರ್ ಬೆನೆಡಿಕ್ಟ್ ಅಲಪಟ್ಟ್. ಇಬ್ಬರೂ ಕೆಂಗೇರಿಯಲ್ಲಿ ನೆಲೆ ನಿಂತು ಮಠ ಕಟ್ಟಲು ಹೊರಟರು. ಆಗ ಕೆಂಗೇರಿ ಬೆಂಗಳೂರಲ್ಲ. ಮೈಸೂರು ರಸ್ತೆಯ ಮೇಲಿನ ಒಂದು ಹಳ್ಳಿ, ರಾಗಿ ಹೊಲ. ವೃಷಭಾವತಿಯಲ್ಲಿ ಇನ್ನೂ ನೀರೆನ್ನುವಂಥ ನೀರಿತ್ತು. ಮೂರೇ ವರ್ಷಕ್ಕೆ, 1958ರಲ್ಲಿ, ಗ್ರಿಫಿತ್ಸ್ ಜಾಗ ಬಿಟ್ಟ. ಇಲ್ಲಿನ ಬದುಕು ತೀರಾ ಪಾಶ್ಚಾತ್ಯವಾಯಿತು ಎಂಬುದು ಅವನ ಕೊರಗು. ಕೇರಳದ ಬೆಟ್ಟಕ್ಕೆ ಹೋಗಿ ಬೆಲ್ಜಿಯಂನ ಫ್ರಾನ್ಸಿಸ್ ಮಾಹ್ಯೂ ಜೊತೆ ಕುರಿಶುಮಲ ಆಶ್ರಮ ಕಟ್ಟಿದ, ಅಲ್ಲಿಂದ 1968ರಲ್ಲಿ ಕಾವೇರಿ ದಂಡೆಯ ಶಾಂತಿವನಕ್ಕೆ ಹೋದ.

ಸುತ್ತ ರಾಗಿ ಹೊಲ, ಎತ್ತಿನಗಾಡಿ. ಅಂಥ ಊರು ಒಬ್ಬ ಇಂಗ್ಲಿಷಿನವನಿಗೆ ಪಾಶ್ಚಾತ್ಯ ಅನ್ನಿಸಿತು ಎಂದರೆ ಮೊದಲು ನಗು ಬರುತ್ತದೆ. ಯೋಚಿಸಿದರೆ ಅವನು ಹೇಳಿದ್ದು ಹೊರಗಿನ ಹೊಲದ ಮಾತಲ್ಲ, ಒಳಗಿನ ಕುರ್ಚಿ–ಮೇಜು, ಗಂಟೆ–ವೇಳಾಪಟ್ಟಿಯ ಮಾತು. ಹೊಸ ನೆಲದಲ್ಲಿ ಕಾಲಿಟ್ಟರೂ ಬೇರಿನ ಹಳೆ ಮಣ್ಣು ಬಿಡದಿದ್ದಕ್ಕೆ ಅವನು ಎದ್ದು ಹೋದ.

ಅವನು ಹೊರಟ ಆಸುಪಾಸಿನಲ್ಲೇ ಅದೇ ಕೆಂಗೇರಿಯಲ್ಲಿ ಇನ್ನೊಂದು ಬೆನೆಡಿಕ್ಟೈನ್ ಬಳಗ ಬೇರು ಬಿಟ್ಟಿತು. ಬೆಲ್ಜಿಯಂನ ಬ್ರೂಜ್ ಬಳಿಯ ಸಂತ ಅಂದ್ರೆಯ ಮಠದ ನಂಟಿನ ಈ ಬಳಗ ಸೇಲಂ ಕಡೆ 1940ರ ದಶಕದಲ್ಲಿ ಶುರುವಾಗಿತ್ತು. ಅಲ್ಲಿ ಅದರ ಹೆಸರು ಸಿಲುವೈಗಿರಿ, ತಮಿಳಿನಲ್ಲಿ ಶಿಲುಬೆಯ ಬೆಟ್ಟ. ಇಲ್ಲಿಗೆ ಬಂದ ಮೇಲೆ ಆಶೀರ್ವನಂ. ಶಿಲುಬೆ ಹೋಗಿ ಆಶೀರ್ವಾದ ಬಂತು, ಬೆಟ್ಟ ಹೋಗಿ ವನ ಬಂತು. ಬೋರ್ಡು ಬದಲಾಯಿಸುವುದು ಸುಲಭ ಎನ್ನುವವರು ಈ ಎರಡು ಹೆಸರುಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಮೈಸೂರು ರಸ್ತೆಯಲ್ಲಿ ಈಗ ಮೆಟ್ರೊ ಕೆಂಗೇರಿಯನ್ನೂ ದಾಟಿ ಚಲ್ಲಘಟ್ಟದವರೆಗೆ ಹೋಗುತ್ತದೆ. ಬೆಂಗಳೂರಿನ ಗದ್ದಲ ಕೇಳಿಸದಷ್ಟು ದೂರ ಎಂದು ಹಿಂದೆ ಆರಿಸಿದ ಊರೇ ಈಗ ಆ ಗದ್ದಲದ ದಾರಿಯಲ್ಲಿದೆ. ಕೇರಳದ ಚೆತ್ತಿಪುಳದಿಂದ 1957ರಲ್ಲಿ ಹೊಸೂರು ರಸ್ತೆಗೆ ಸ್ಥಳಾಂತರವಾದ, ಸಿಎಂಐ ಎಂಬ ಸಂಘದ ಪಾದ್ರಿಗಳ ಧರ್ಮಾರಾಮ ಸೆಮಿನರಿಯದೂ ಇದೇ ಪಾಡು. ಊರಾಚೆ ಎಂದು ಕೊಂಡ ಜಾಗದಲ್ಲಿ 1969ರಲ್ಲಿ ಕ್ರೈಸ್ಟ್ ಕಾಲೇಜು ಎದ್ದಿತು. ಆ ಕಾಲೇಜು ಬೆಳೆದು ವಿಶ್ವವಿದ್ಯಾಲಯವಾಗಿ ಕೊನೆಗೆ ಕೆಂಗೇರಿಗೂ ಬಂತು. ಸೆಮಿನರಿ ಎಂದರೆ ಏನೆಂದು ಕೇಳುವ ವಿದ್ಯಾರ್ಥಿಗಳು ಅದರ ಗೇಟಿನೊಳಗೇ ದಿನಾ ಓಡಾಡುತ್ತಾರೆ.

ಚರ್ಚಿನ ಹಳೆಯ ಆಸ್ತಿಯೊಂದು ಖಾಲಿ ಬಿದ್ದಿದೆ, ಸೆಮಿನರಿಯನ್ನು ಅಲ್ಲಿಗೆ ಸಾಗಿಸೋಣ ಎಂದು ಇಂದು ಯಾರಾದರೂ ಹೊರಟರೆ ಏನೇನು ಆಗಬೇಕು? ಲಾರಿ ಬಾಡಿಗೆಗೆ ಹಿಡಿಯುವುದು ಕೊನೆಯ ಕೆಲಸ.

ಮೊದಲು ಪೀಠ. ನಮ್ಮ ದೇವಸ್ಥಾನಗಳಲ್ಲಿ ಜೀರ್ಣೋದ್ಧಾರಕ್ಕೆ ಮುಂಚೆ ಕಳಾಕರ್ಷಣೆ ಮಾಡಿ, ಮೂರ್ತಿಯ ಚೈತನ್ಯವನ್ನು ಕಲಶಕ್ಕೆ ಇಳಿಸಿ ಬಾಲಾಲಯದಲ್ಲಿ ಇಡುತ್ತಾರಲ್ಲ, ಕಥೋಲಿಕರಲ್ಲೂ ಅಷ್ಟೇ ಎಚ್ಚರ ಉಂಟು, ವಿಧಾನ ಬೇರೆ. ಚರ್ಚನ್ನು ಪೂಜೆಯಿಂದ ಬಿಡಿಸಿ ಲೌಕಿಕ ಬಳಕೆಗೆ ಕೊಡಬೇಕಾದರೆ ಧರ್ಮಾಧ್ಯಕ್ಷರು ಪಾದ್ರಿಗಳ ಮಂಡಳಿಯ ಅಭಿಪ್ರಾಯ ಕೇಳಿ ಲಿಖಿತ ಆದೇಶ ಹೊರಡಿಸಬೇಕು. ಆ ಬಳಕೆ ಹೇಯವಾಗಿರಬಾರದು ಎಂದು ಸಭೆಯ ಕಾನೂನಿನ 1222ನೇ ಕಲಮು ಹೇಳುತ್ತದೆ. ವಿಚಿತ್ರವೆಂದರೆ ಚರ್ಚು ಲೌಕಿಕವಾದರೂ ಪೀಠ ಆಗುವುದಿಲ್ಲ, ಅದರ ಪ್ರತಿಷ್ಠೆ ಹಾಗೇ ಉಳಿಯುತ್ತದೆ. ಹಳೆಯ ಪೀಠಗಲ್ಲುಗಳನ್ನು ನೋಡಿದವರಿಗೆ ನೆನಪಿರಬಹುದು. ಎರಡು ಕೈಯಲ್ಲಿ ಹಿಡಿಯಬಹುದಾದ ಚೌಕ ಕಲ್ಲು. ನಾಲ್ಕು ಮೂಲೆಗೆ ನಾಲ್ಕು, ನಡುವೆ ಒಂದು, ಹೀಗೆ ಐದು ಶಿಲುಬೆ ಕೊರೆದಿರುತ್ತದೆ. ನಡುವೆ ಒಂದು ಪುಟ್ಟ ಗುಳಿ, ಅದರಲ್ಲಿ ಯಾವನೋ ಸಂತನ ಎಲುಬಿನ ಚೂರು, ಮೇಲೆ ಅಂಟಿಸಿದ ಕಲ್ಲಿನ ಮುಚ್ಚಳ. ಮಿಷನರಿಗಳು ಇಂಥ ಕಲ್ಲನ್ನು ಎತ್ತಿನಗಾಡಿಯಲ್ಲಿ ಹಾಕಿಕೊಂಡು ಹಳ್ಳಿಹಳ್ಳಿ ಸುತ್ತುತ್ತಿದ್ದರು. ಎಲ್ಲಿ ಇಳಿಸಿದರೆ ಅಲ್ಲಿ ಪೀಠ.

ಬರುವುದು ಸೆಮಿನರಿಯೇ ಆದರೆ ಈ ತಾಪತ್ರಯ ಅರ್ಧ ಕಡಿಮೆ. ಚರ್ಚು ಮಠದ ಪ್ರಾರ್ಥನಾಲಯವಾಗುತ್ತದೆ, ದೀಪ ಆರುವುದಿಲ್ಲ. ಯುರೋಪಿನಲ್ಲಿ ಹಾಗಲ್ಲ. ನೆದರ್ಲೆಂಡ್ಸ್‌ನ ಮಾಸ್ಟ್ರಿಕ್ಟ್‌ನಲ್ಲಿ ಡೊಮಿನಿಕನ್ನರ ಹಳೆ ಚರ್ಚು ಈಗ ಪುಸ್ತಕದಂಗಡಿ. ಹೇಯವಲ್ಲದ ಬಳಕೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತೋಚುವುದಿಲ್ಲ. ಅಲ್ಲಿ ಭಕ್ತರಿಲ್ಲದೆ ಚರ್ಚು ಖಾಲಿಯಾದರೆ, ನಮ್ಮಲ್ಲಿ ಭಕ್ತರು ಇಕ್ಕಟ್ಟಾಗಿ ಪಕ್ಕದಲ್ಲಿ ದೊಡ್ಡದು ಕಟ್ಟಿಕೊಂಡಾಗ ಹಳೆಯದು ಖಾಲಿಯಾಗುತ್ತದೆ.

ಆಮೇಲೆ ಹಕ್ಕುಪತ್ರ. ದಕ್ಷಿಣ ಭಾರತ ಸಭೆಯ, ಅಂದರೆ ಸಿಎಸ್‌ಐನ, ಆಸ್ತಿಗಳ ಹಕ್ಕು 1947ರಲ್ಲಿ ಕಂಪನಿ ಕಾಯ್ದೆಯಡಿ ನೋಂದಾದ ಒಂದು ಟ್ರಸ್ಟ್ ಅಸೋಸಿಯೇಷನ್ನಿನದು. ಊರಿನ ಸಭೆ ಪಂಚಾಯಿತಿ ನಡೆಸಬಹುದು, ಮಾರಲಾರದು. ಬಿಡಿಎ ಬಡಾವಣೆಗಳಲ್ಲಿ ಇನ್ನೊಂದು ಗಂಟು. ವಿಜಯನಗರ, ಬಸವೇಶ್ವರನಗರದಂಥ ಕಡೆ ಪ್ರಾರ್ಥನಾಲಯ, ಶಾಲೆಗಳಿಗೆ ಸಿಎ ಸೈಟು, ಅಂದರೆ ನಾಗರಿಕ ಸೌಲಭ್ಯದ ನಿವೇಶನ, ಸಿಗುತ್ತದೆ. 1989ರ ನಿಯಮಗಳ ಪ್ರಕಾರ ಅದು 30 ವರ್ಷದ ಗುತ್ತಿಗೆ, ಕೊಟ್ಟ ಉದ್ದೇಶಕ್ಕೇ ಬಳಸಬೇಕು. ಪೂಜೆಗೆಂದು ಪಡೆದ ಸೈಟಿನಲ್ಲಿ ಹಾಸ್ಟೆಲು ಎಬ್ಬಿಸಿದರೆ ದೇವರು ಸುಮ್ಮನಿದ್ದರೂ ಬಿಡಿಎ ಸುಮ್ಮನಿರಬೇಕಿಲ್ಲ.

ಇನ್ನು ಕಟ್ಟಡ. ಚರ್ಚು ಐನೂರು ಜನ ವಾರಕ್ಕೆರಡು ಗಂಟೆ ಕೂರಲು ಕಟ್ಟಿದ್ದು. ಸೆಮಿನರಿ ಐವತ್ತು ಜನ ವಾರವಿಡೀ ಬದುಕಲು. ಶೌಚಾಲಯದ ಲೆಕ್ಕವೇ ಬೇರೆ. ಯಾರಿಗೂ ತಲೆಗೆ ಹೋಗದ ಒಂದು ಸಂಗತಿ ಪುಸ್ತಕದ ಭಾರ. ಭಾರತೀಯ ಮಾನಕದ ಪ್ರಕಾರ ಮನೆಯ ಕೋಣೆಯ ನೆಲ ಚದರ ಮೀಟರಿಗೆ ಸುಮಾರು 200 ಕಿಲೋ ತಡೆದರೆ ಸಾಕು, ಗ್ರಂಥಾಲಯದ ಕಪಾಟಿನ ಕೋಣೆ 600 ಕಿಲೋ ತಡೆಯಬೇಕು. ಹಳೆ ಪಾದ್ರಿ ಬಂಗಲೆಯ ಮಹಡಿಯ ಮರದ ಹಲಗೆ ನೆಲದ ಮೇಲೆ ಲ್ಯಾಟಿನ್ ಸಂಪುಟಗಳನ್ನು ಜೋಡಿಸಿದರೆ ಅಗಸ್ಟೀನ್, ಅಕ್ವೈನಾಸ್ ಇಬ್ಬರೂ ಊಟದ ಮನೆಗೆ ಇಳಿಯಬಹುದು.

ಅವೆನ್ಯೂ ರಸ್ತೆಯ ಹಳೆ ಪುಸ್ತಕದ ರಾಶಿಯಲ್ಲಿ ಒಮ್ಮೆ ನನಗೆ ಅಂಥದ್ದೊಂದು ಸಂಪುಟ ಸಿಕ್ಕಿತ್ತು. ಮೊದಲ ಪುಟದಲ್ಲಿ ನೇರಳೆ ಶಾಯಿಯ ಗುಂಡು ಮೊಹರು, ಅದರ ಮೇಲೆ ಪೆನ್ಸಿಲಿನಲ್ಲಿ ಅಡ್ಡಗೀಟು, ಪಕ್ಕದಲ್ಲಿ ಇನ್ನೊಂದೂರಿನ ನೀಲಿ ಮೊಹರು, ಅದಕ್ಕೂ ಅಡ್ಡಗೀಟು. ಅಂಚಿನಲ್ಲಿ ಮಾತ್ರ ಯಾರೋ ವಿದ್ಯಾರ್ಥಿ ಕಷ್ಟದ ಪದಗಳಿಗೆ ಕನ್ನಡದಲ್ಲಿ ಅರ್ಥ ಬರೆದುಕೊಂಡಿದ್ದ. ಅದಕ್ಕೆ ಯಾರೂ ಗೀಟು ಹಾಕಿರಲಿಲ್ಲ.

ಹಳೆಯ ಆಸ್ತಿಯಲ್ಲಿ ಎಲ್ಲರಿಗಿಂತ ಹೆಚ್ಚು ಕಳವಳಪಡುವವರು ಅಲ್ಲಿನ ಸಭಿಕರೇ. ಅವರಿಗೆ ಬೇಕಾದದ್ದು ಕಟ್ಟಡವಲ್ಲ, ರಿಜಿಸ್ಟರು. ಅಜ್ಜಿಯ ಜ್ಞಾನಸ್ನಾನ, ಅಪ್ಪ–ಅಮ್ಮನ ಮದುವೆ, ಚಿಕ್ಕಪ್ಪನ ಸಾವು ಇರುವ ಉದ್ದನೆಯ ದಪ್ಪ ಪುಸ್ತಕ. ಮಗಳ ಮದುವೆಗೆ ಜ್ಞಾನಸ್ನಾನದ ಪತ್ರ ಬೇಕಾದಾಗ ಅದನ್ನು ಯಾರ ಹತ್ತಿರ ಕೇಳಬೇಕು? ಸೆಮಿನರಿಯ ಕಚೇರಿಯಲ್ಲಿ ಕೂತ ಹೊಸಬರಿಗೆ ಈ ಮನೆತನದ ಪರಿಚಯವಿರುವುದಿಲ್ಲ. ನಿನ್ನೆಯವರೆಗೆ ಮನೆಯವರಾಗಿದ್ದವರು ಇಂದು ಗೇಟಿನಲ್ಲಿ ಹೆಸರು ಬರೆದು ಒಳಗೆ ಹೋಗುವ ಅತಿಥಿಗಳು. ಸ್ಥಳಾಂತರ ಕೆಟ್ಟದ್ದೆಲ್ಲ ಇಲ್ಲಿಂದಲೇ ಕೆಟ್ಟಿದೆ ಎಂದು ನನ್ನ ಅಂದಾಜು. ಖಾಲಿ ಎಂದು ಕಾಣುವ ಚರ್ಚು ಆಸ್ತಿ ಯಾವತ್ತೂ ಖಾಲಿ ಇರುವುದಿಲ್ಲ.

ಹಾಗೆಂದು ಸ್ಥಳಾಂತರವೆಲ್ಲ ತಪ್ಪೇ? ಅಲ್ಲ. ಪೋಪ್ ಹದಿಮೂರನೇ ಲಿಯೋ 1893ರಲ್ಲಿ ಶ್ರೀಲಂಕಾದ ಕ್ಯಾಂಡಿಯಲ್ಲಿ ಸ್ಥಾಪಿಸಿದ ಸೆಮಿನರಿ, ಎರಡೂ ದೇಶ ಸ್ವತಂತ್ರವಾದ ಮೇಲೆ 1955ರಲ್ಲಿ ಪುಣೆಗೆ ಬಂತು. ಡಾರ್ಜಿಲಿಂಗ್ ಕಡೆಯ ಕುರ್ಸಿಯಾಂಗ್‌ನ ಬೆಟ್ಟದ ಮೇಲಿದ್ದ ಜೆಸುಯಿಟರ ದೇವಶಾಸ್ತ್ರ ಕಾಲೇಜು 1970ರ ದಶಕದ ಆರಂಭದಲ್ಲಿ ದಿಲ್ಲಿಗೆ ಇಳಿದು ವಿದ್ಯಾಜ್ಯೋತಿ ಆಯಿತು. ಮಂಜಿನಲ್ಲಿ ಕೂತು ದೇವರನ್ನು ಧ್ಯಾನಿಸುವುದಕ್ಕಿಂತ ಜನರ ನಡುವೆ ಇರುವುದು ಮೇಲು ಎಂದು ಅವರಿಗೆ ಅನಿಸಿತು.

ನಮ್ಮ ಕನ್ನಡದ್ದೇ ಒಂದು ಸ್ಥಳಾಂತರವಿದೆ, ಗದ್ದಲವಿಲ್ಲದೆ ನಡೆದದ್ದು. ಹಳೆ ಮೈಸೂರಿನ ಪ್ರಾಟೆಸ್ಟೆಂಟರಿಗೆ ತುಮಕೂರಿನಲ್ಲಿ ಯೂನಿಯನ್ ಕೆನರೀಸ್ ಸೆಮಿನರಿ ಇತ್ತು. ಹೆಸರಿನಲ್ಲೇ ಕನ್ನಡವಿದ್ದ ಶಾಲೆ. ಕರಾವಳಿಯಲ್ಲಿ ಮಂಗಳೂರಿನ ಬಲ್ಮಠ ಗುಡ್ಡದ ಮೇಲೆ ಬಾಸೆಲ್ ಮಿಷನ್ನಿನ ಸೆಮಿನರಿ ಇತ್ತು, 1847ರದ್ದು. ಅದೇ 1847ರಲ್ಲಿ ಬಾಸೆಲ್ ಮಿಷನ್ನಿನವರು ತುಳುವಿನಲ್ಲಿ ಹೊಸ ಒಡಂಬಡಿಕೆಯನ್ನೂ ಅಚ್ಚು ಹಾಕಿಸಿದ್ದರು. ‘ಮಂಗಳೂರ ಸಮಾಚಾರ’ ಹೊರಡಿಸಿದ ಹರ್ಮನ್ ಮೊಗ್ಲಿಂಗ್ ಓಡಾಡಿದ ಗುಡ್ಡ ಅದು. ಬಾಸೆಲ್‌ಗೆ ಹೋಗಿ ಓದಿ, 1851ರಲ್ಲಿ ಪಾದ್ರಿಯಾಗಿ ಮರಳಿದ ಆನಂದರಾಯ ಕೌಂಡಿನ್ಯ ಪಾಠ ಹೇಳಿದ್ದು ಅಲ್ಲಿಯೇ. ಮೊದಲ ಮಹಾಯುದ್ಧದಲ್ಲಿ ಜರ್ಮನ್ ಮಿಷನರಿಗಳು ಶತ್ರುದೇಶದವರಾಗಿ ಬಂಧನಕ್ಕೆ ಹೋದರು, ಹೆಂಚಿನ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ಗುಡ್ಡ ಮಾತ್ರ ಸಭೆಯ ಬಳಿ ಉಳಿಯಿತು. 1965ರಲ್ಲಿ ತುಮಕೂರಿನದೂ ಮಂಗಳೂರಿನದೂ ಸೇರಿ ಬಲ್ಮಠದಲ್ಲಿ ಕರ್ನಾಟಕ ಥಿಯಲಾಜಿಕಲ್ ಕಾಲೇಜು ಆಯಿತು. ಪದವಿ ಕೊಡುವುದು ಬಂಗಾಳದ ಸೆರಾಂಪುರದ ಸೆನೆಟ್, ಆ ಅಧಿಕಾರದ ಮೂಲ 1827ರಲ್ಲಿ ಡೆನ್ಮಾರ್ಕಿನ ದೊರೆ ಕೊಟ್ಟ ಸನ್ನದು. ಡೇನ್ ದೊರೆಯ ಮುದ್ರೆ, ಸ್ವಿಸ್ ಮಿಷನ್ನಿನ ಗುಡ್ಡ, ಅಲ್ಲಿಗೆ ಬಯಲುಸೀಮೆಯ ಹುಡುಗರು.

ಈ ಸಾಗಾಟ ನೆಲೆ ನಿಂತಿದ್ದೇಕೆಂದರೆ ಎರಡೂ ಕಡೆಯವರು ಪ್ರಾರ್ಥನೆಯನ್ನು ಮೊದಲಿಂದಲೂ ಜನರ ಮಾತಿನಲ್ಲೇ ಮಾಡುತ್ತಿದ್ದರು. ಲ್ಯಾಟಿನಿನ ಹೊದಿಕೆಯೇ ಇರಲಿಲ್ಲ, ಹಾಗಾಗಿ ಸರಿಯಲು ಏನೂ ಇರಲಿಲ್ಲ. ಕರಾವಳಿಯಲ್ಲಿ ತುಳು ಇತ್ತು, ಕನ್ನಡದ ಒಳಗಿನ ಕನ್ನಡಗಳೂ ಇದ್ದವು. ತುಮಕೂರಿನ ಕಡೆಯಿಂದ ಬಂದ ಹುಡುಗ ಮಳೆಗಾಲದ ಭಾನುವಾರ ಕರಾವಳಿಯ ಹಳ್ಳಿಗೆ ಉಪದೇಶಕ್ಕೆ ಹೋದರೆ ಕಾಣುವುದು ಅದೇ ದೃಶ್ಯ. ಗದ್ದೆಯಲ್ಲಿ ಬಗ್ಗಿದ ಹೆಂಗಸರು, ಹುಲ್ಲೆಳೆಯಲ್ಲಿ ಕಟ್ಟಿದ ಹಿಡಿಗಳು. ಅವನು ಅದನ್ನು ಪೈರು ಅನ್ನುತ್ತಾನೆ. ಅವರು ತಲೆಯೆತ್ತಿ ನೋಡಿ ತಿದ್ದುತ್ತಾರೆ: ನೇಜಿ.